ಬೆಟ್ಟ ಹತ್ತದ ಕೋಟು

ನಮ್ಮ ಮನೆಯಲ್ಲಿ ಬೆಟ್ಟಕ್ಕೆ ಹೋಗುವ ಮಾತು ಎದ್ದರೆ ಏನು ತೊಡಬೇಕು, ಏನು ಹೊದೆಯಬೇಕು ಎಂದು ನನ್ನೊಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ಕೇಳುತ್ತಾರೆ. ಎದುರುಮನೆಯವರನ್ನು ಕೇಳುತ್ತಾರೆ, ಕಾರಿನ ಡ್ರೈವರನ್ನು ಕೇಳುತ್ತಾರೆ, ಹಾಲು ಹಾಕುವವಳನ್ನೂ ಕೇಳಿದ್ದುಂಟು. ನನಗೆ ಬೇಸರವಿಲ್ಲ. ಒಂದು ಕಾಲಕ್ಕೆ ಈ ವಿಷಯದಲ್ಲಿ ಮನೆಗೆ ನಾನೇ ಸುಪ್ರೀಂ ಕೋರ್ಟು. ಅಂದು ನಾನು ಕೊಟ್ಟ ತೀರ್ಪು ಇಂದಿಗೂ ನಡುಮನೆಯ ಗೋಡೆಯ ಮೇಲೆ, ಗಾಜು ಹಾಕಿಸಿಕೊಂಡು, ಮೊಳೆಗೆ ತೂಗುಬಿದ್ದಿದೆ. ಅದರ ಮೇಲೆ ಅಪೀಲು ಹೋಗಬೇಕಾದವರು ಈಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಾವಿದ್ದದ್ದು ಅಜ್ಜಂಪುರದಲ್ಲಿ. ನಾನು ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ಇಳಿಯುತ್ತಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ನನ್ನ ಹೆಂಡತಿ, ಮದುವೆಯಾಗಬೇಕಿದ್ದ ತಂಗಿ. ಅಪ್ಪ ದರ್ಜಿ. ಊರಿನವರ ಬಾಯಲ್ಲಿ ಅವನು ಟೈಲರ್ ಆಗಿ ಎಷ್ಟೋ ವರ್ಷವಾಗಿತ್ತು, ಆದರೆ ಅಪ್ಪ ಆ ಬಡ್ತಿಯನ್ನು ಒಪ್ಪಿಕೊಂಡಿರಲಿಲ್ಲ. "ಪ್ಯಾಂಟ್ ಹೊಲಿಯೋನು ಟೈಲರ್ರು. ನಾನು ಕೋಟು ಹೊಲಿಯೋನು," ಎನ್ನುತ್ತಿದ್ದ. ಮಾತು ಜಂಬದ್ದಾದರೂ ಸುಳ್ಳಲ್ಲ. ಮದುವೆಗೆಂದು ಕೊರಳು ಮುಚ್ಚುವ ಕೋಟು ಹೊಲಿಸಲು ಬೀರೂರಿನಿಂದ, ಕಡೂರಿನಿಂದ, ಅತ್ತ ಪಂಚನಹಳ್ಳಿಯಿಂದಲೂ ಗಂಡುಗಳು ನಮ್ಮ ಅಂಗಡಿಗೆ ಬರುತ್ತಿದ್ದರು. ಬಂದವನ ಬೆನ್ನು ಗೂನಾಗಿದ್ದರೆ ಅಪ್ಪನ ಕೋಟು ಅದನ್ನು ಹುಡುಗಿಯ ಕಡೆಯವರಿಂದ ಕನಿಷ್ಠ ಧಾರೆ ಮುಗಿಯುವವರೆಗೆ ಮುಚ್ಚಿಡುತ್ತಿತ್ತು.

ಅಪ್ಪನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಕೋಟು ಪೂರಾ ಮುಗಿದು ಇಸ್ತ್ರಿಯಾದ ಮೇಲೂ ಕೊರಳಪಟ್ಟಿಯ ಹಿಂದೆ ಒಂದು ಗೇಣು ಕಚ್ಚಾ ಹೊಲಿಗೆಯ ಬಿಳಿ ನೂಲನ್ನು ಹಾಗೇ ಬಿಟ್ಟಿರುತ್ತಿದ್ದ. ಮದುಮಗ ಮೊದಲ ಸಲ ಕೋಟು ತೊಡುವ ದಿನ ಅಂಗಡಿಗೆ ಬಂದು ಬೆನ್ನು ತಿರುಗಿಸಿ ನಿಲ್ಲಬೇಕು. ಅಪ್ಪ ಎರಡು ಬೆರಳಲ್ಲಿ ಆ ನೂಲು ಹಿಡಿದು ಸರ್ರನೆ ಎಳೆದು, ಬೆನ್ನ ಮೇಲೊಂದು ತಟ್ಟಿ, "ನಿಂದಾಯ್ತು, ಹೋಗು," ಎನ್ನಬೇಕು. ಅಲ್ಲಿಯವರೆಗೆ ಕೋಟು ದರ್ಜಿಯದು. ಬೇರೆ ಊರಿನ ಗಂಡುಗಳು ಇದಕ್ಕಾಗಿ ದಿಬ್ಬಣದ ಬಸ್ಸನ್ನೇ ನಮ್ಮ ಅಂಗಡಿಯ ಮುಂದೆ ನಿಲ್ಲಿಸಿಕೊಂಡು, ಬಾಸಿಂಗದ ಸಮೇತ ಇಳಿದು ಬಂದದ್ದನ್ನು ನೋಡಿದ್ದೇನೆ.

ಇಂಥವನಿಗೆ ತನ್ನದೆಂಬ ಕೋಟು ಇರಲಿಲ್ಲ. ಬಟ್ಟೆಯಿತ್ತು. ಹನ್ನೆರಡು ವರ್ಷದ ಹಿಂದೆ ಕೊಂಡ ಕರಿಯ ಬಟ್ಟೆ. ಕತ್ತರಿಸಿ, ಕಚ್ಚಾ ಹಾಕಿ, ಗೂಟಕ್ಕೆ ನೇತುಹಾಕಿದ್ದ. ಪ್ರತಿ ಬೇಸಗೆಯಲ್ಲೂ ಮದುವೆಗಳು ಬಂದವು, ಪ್ರತಿ ಬೇಸಗೆಯಲ್ಲೂ ಅದು ಗೂಟದಲ್ಲೇ ಉಳಿಯಿತು. ಬಂದ ಗಿರಾಕಿಗಳು ತೋಳಿನ ಅಂದಾಜು ನೋಡಲು ಅದನ್ನೇ ತೊಟ್ಟು ನೋಡುತ್ತಿದ್ದರು. ಊರಿನ ಅರ್ಧ ಗಂಡಸರು ಅಪ್ಪನ ಕೋಟನ್ನು ಅಪ್ಪನಿಗಿಂತ ಮೊದಲೇ ತೊಟ್ಟಿದ್ದರು.

ಅಪ್ಪನಿಗೆ ಉಬ್ಬಸವಿತ್ತು. ಹತ್ತಿಯ ದೂಳೋ, ಬೀಡಿಯ ಹೊಗೆಯೋ, ಎರಡೂ ಸಮಪಾಲು ಹಂಚಿಕೊಂಡಿದ್ದವೋ, ಆ ವರ್ಷದ ಸಂಕ್ರಾಂತಿಯ ಹೊತ್ತಿಗೆ ಅಂಗಡಿಯ ಮೂರು ಮೆಟ್ಟಿಲು ಹತ್ತಲು ಅವನಿಗೆ ಎರಡು ಕಡೆ ತಂಗಬೇಕಾಗುತ್ತಿತ್ತು. ತರೀಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಪ್ಪನನ್ನು ಪರದೆಯ ಆಚೆ ಅಂಗಿ ಹಾಕಿಕೊಳ್ಳಲು ಬಿಟ್ಟು, ನನ್ನನ್ನು ಈಚೆಗೆ ಕರೆದು, ದನಿ ತಗ್ಗಿಸಿ ಹೇಳಿದರು:

"ನೋಡ್ರೀ, ಈ ಮಳೆಗಾಲ ದಾಟಿದ್ರೆ ದೊಡ್ಡದು. ಎದೆ ಬೆಚ್ಚಗಿರ್ಲಿ. ಶೀತ ಸೋಕಬಾರ್ದು, ಅಷ್ಟೇ ನಮ್ಮ ಕೈಲಿರೋದು."

ದನಿ ಎಷ್ಟು ತಗ್ಗಿಸಿದರೂ ಪರದೆ ಬಟ್ಟೆಯದು. ಬಟ್ಟೆಯ ವಿಷಯದಲ್ಲಿ ಅಪ್ಪನಿಂದ ಏನನ್ನಾದರೂ ಮುಚ್ಚಿಡುವುದು ಕಷ್ಟ. ಮಾರನೆಯ ದಿನ ಅವನು ಅಂಗಡಿಗೆ ಹೋಗಿ ಗೂಟದಿಂದ ಕರಿಯ ಕೋಟನ್ನು ಇಳಿಸಿದ.

ಎರಡು ತಿಂಗಳು ಹೊಲಿದ. ಒಂದು ಗುಂಡಿಯ ಕಾಜಾ ಹಾಕಿ ಉಸಿರು ಕೂಡಿಸಿಕೊಳ್ಳುವುದು, ಇನ್ನೊಂದು ಕಾಜಾ ಹಾಕುವುದು. ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ನಾನು ಅಂಗಡಿಯ ಮುಂದೆ ಬಸ್ಸಿಳಿದಾಗ ಕೈಸನ್ನೆ ಮಾಡಿ ಕರೆದ. ಅಂಗಡಿಯ ಹಲಗೆಯ ಮೇಲೆ ಕೂತರೆ ಪಡುವಣಕ್ಕೆ, ಮನೆಗಳ ಸೂರಿನಾಚೆ, ಬೆಟ್ಟಸಾಲು ನೀಲಿಯಾಗಿ ಕಾಣುತ್ತಿತ್ತು.

"ಒಂದ್ ಫೋಟೋ ತೆಗಿಸ್ಬೇಕು ಕಣೋ," ಎಂದ.

"ಅದಕ್ಕೇನಂತೆ, ತರೀಕೆರೆ ಸ್ಟುಡಿಯೋಗೆ ಹೋಗಣ."

"ಸ್ಟುಡಿಯೋ ಬ್ಯಾಡ. ನಾನು ಕೋಟು ಹೊಲ್ಕೊಟ್ಟೋರೆಲ್ಲ ಅಲ್ಲೇ ನಿಂತವ್ರೆ. ಹಿಂದ್ಗಡೆ ಪರದೆ ಮ್ಯಾಲೆ ಬೆಟ್ಟ, ಬೆಟ್ಟದಿಂದ ಜೋಗದ್ ಥರ ನೀರು, ಕೆಳಗೊಂದು ಹಂಸ. ಎಲ್ರ ಫೋಟೋದಾಗೂ ಅದೇ ಹಂಸ. ನಂಗೆ ನಿಜವಾದ್ ಬೆಟ್ಟ ಬೇಕು." ಕತ್ತರಿಯ ತುದಿಯಿಂದ ಪಡುವಣ ತೋರಿಸಿದ. "ನಲವತ್ತು ವರ್ಷ ಇಲ್ಲಿಂದ್ಲೇ ನೋಡಿದೀನಿ. ಒಂದ್ಸಲ ಅಲ್ಲಿ ಹೋಗಿ, ಈ ಕೋಟಾಕ್ಕೊಂಡು, ರುಮಾಲು ಸುತ್ಕೊಂಡು ನಿಂತ್ಕೊತೀನಿ. ನಾನು ಹೋದ್ಮೇಲೆ ನಿಮ್ಮವ್ವ ಗೋಡೆಗೆ ಹಾಕ್ಲಿ."

"ಎಲ್ಲಿಗ್ ಹೋಗ್ತೀಯ, ಸುಮ್ನಿರಪ್ಪ," ಎಂದೆ ನಾನು. ಗುಮಾಸ್ತನಿಗೆ ಅಷ್ಟಕ್ಕಿಂತ ಒಳ್ಳೆಯ ಉತ್ತರ ಹೊಳೆಯಲಿಲ್ಲ.

ಅಪ್ಪನ ಹೆಸರಿನಲ್ಲಿ ಅದುವರೆಗೆ ಒಂದೂ ಫೋಟೋ ಇರಲಿಲ್ಲ. ಬೇಡಿಕೆ ಇಷ್ಟೇ: ತಾನು ಹೊಲಿದ ಕೋಟು, ತಾನು ಸುತ್ತಿದ ರುಮಾಲು, ಹಿಂದೆ ಬಣ್ಣ ಬಳಿಯದ ಬೆಟ್ಟ. ಇದಕ್ಕಿಂತ ದೊಡ್ಡ ಅರ್ಜಿಗಳನ್ನು ನಾನು ಕಚೇರಿಯಲ್ಲಿ ದಿನಕ್ಕೆ ಹತ್ತು ಮಂಜೂರು ಮಾಡಿಸುತ್ತಿದ್ದೆ.

ಯುಗಾದಿ ಕಳೆದ ವಾರ ಕೆಮ್ಮಣ್ಣುಗುಂಡಿಗೆ ಹೋಗುವುದೆಂದು ನಿಶ್ಚಯವಾಯಿತು. ನಮ್ಮ ಕಡೆ ಬಿಸಿಲು ಆಗಲೇ ಹೆಂಚು ಕಾಯಿಸುತ್ತಿತ್ತು. ಹೊಂಗೆ ಹೂವು ಬೀದಿಯುದ್ದಕ್ಕೂ ಉದುರಿ ಅರಳು ಹುರಿದ ಹಾಗೆ ಬಿದ್ದಿತ್ತು. ಆದರೆ ಬೆಟ್ಟದ ಚಳಿಯ ವಿಷಯದಲ್ಲಿ ನಮ್ಮ ಮನೆಗೊಬ್ಬ ತಜ್ಞನಿದ್ದ, ಅವನು ನಾನು. ಹಿಂದೊಮ್ಮೆ ಧನುರ್ಮಾಸದಲ್ಲಿ, ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲಿ ಫೈಲು ಹಿಡಿದುಕೊಂಡು, ನಾನು ಆ ಬೆಟ್ಟಕ್ಕೆ ಹೋಗಿ ಬಂದಿದ್ದೆ. ಹಲ್ಲು ಕಟಕಟಿಸಿ ಸಾಹೇಬರಿಗೆ ಲೆಕ್ಕ ಹೇಳಲಾಗದೆ ಬೈಸಿಕೊಂಡಿದ್ದೆ. ಧನುರ್ಮಾಸ ಬೇರೆ, ಚೈತ್ರ ಬೇರೆ ಎಂಬ ಸಣ್ಣ ಅಂಶ ನನ್ನ ಗಮನಕ್ಕೆ ಬರಲಿಲ್ಲ. ಬೆಟ್ಟವೆಂದರೆ ಚಳಿ, ಕಡತದಲ್ಲಿ ಒಮ್ಮೆ ನಮೂದಾದದ್ದು ನಮೂದಾಯಿತು.

ಊಟದ ಹೊತ್ತಿನಲ್ಲಿ ನಾನು ಸುತ್ತೋಲೆ ಹೊರಡಿಸಿದೆ. ಹೆಂಗಸರು ರವಿಕೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು. ಕಾಲಿಗೆ ಕಾಲುಚೀಲ. ಅಪ್ಪನಿಗೆ ಒಳಗೆ ಎರಡು ಬನಿಯನ್ನು, ಮೇಲೆ ಉಣ್ಣೆಯ ಸ್ವೆಟರ್, ತಲೆಗೆ ಮಂಕಿ ಟೋಪಿ, ಕಿವಿ ಎರಡೂ ಒಳಗೆ. ಕಿವಿಯ ಮೂಲಕವೇ ಶೀತ ಎದೆಗಿಳಿಯುತ್ತದೆಂದು ನಮ್ಮ ಕಚೇರಿಯ ಶಿರಸ್ತೇದಾರರು ಹೇಳಿದ್ದರು. ವೈದ್ಯಶಾಸ್ತ್ರದಲ್ಲಿ ಅವರಿಗಿದ್ದ ಪರಿಣತಿ ಅಷ್ಟೇ, ಆದರೆ ಅವರು ನನಗಿಂತ ಮೇಲಿನ ದರ್ಜೆಯವರು.

"ಕೋಟು?" ಎಂದ ಅಪ್ಪ.

"ಕೋಟು ತೆಳ್ಳಗದೆ. ಗಾಳಿ ನುಗ್ಗುತ್ತೆ."

"ಗಾಳಿ ನುಗ್ಗೋ ಹಂಗೆ ನಾನು ಯಾವತ್ತು ಹೊಲ್ದಿದೀನೋ?"

"ಫೋಟೋ ಹೊತ್ತಿಗ್ ಹಾಕ್ಕಳವ್ರಂತೆ ಬಿಡು," ಎಂದಳು ಅವ್ವ.

"ಹಂಗನ್ನು," ಎಂದು ಅಪ್ಪ ಮುದ್ದೆ ಮುರಿದ. ವಿಷಯ ಇತ್ಯರ್ಥವಾದಂತೆ ಕಂಡಿತು.

ಅಜ್ಜಂಪುರದಲ್ಲಿ ಚೈತ್ರಮಾಸದಲ್ಲಿ ಉಣ್ಣೆ ಹುಡುಕುವುದು ಸುಲಭವಲ್ಲ. ತಂಗಿಯ ಸ್ವೆಟರ್ ಅವಳ ಗೆಳತಿಯದು, ಹೆಂಡತಿಯ ಸ್ವೆಟರ್ ಅವಳ ಅಕ್ಕನದು, ಅಪ್ಪನದು ನಮ್ಮ ಕಚೇರಿಯ ಜವಾನನದು. ಮಂಕಿ ಟೋಪಿಗೆ ಬೀರೂರಿಗೇ ಹೋದೆ. ಮೂರನೆಯ ಅಂಗಡಿಯವನು ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಿಗ್ ಸ್ವಾಮಿ, ಹುಷಾರಿಲ್ವಾ?" ಎಂದ. ಅಟ್ಟದಿಂದ ಒಂದನ್ನು ಹುಡುಕಿ ಕೊಟ್ಟ. ಕಂದು ಬಣ್ಣ, ಎಲ್ಲಾ ಮುಚ್ಚಿ ಕಣ್ಣು, ಮೂಗು, ಮೀಸೆ ಮಾತ್ರ ಹೊರಗೆ ಬಿಡುವಂಥದ್ದು. ನೆತ್ತಿಯ ಮೇಲೆ ಒಂದು ಹಸಿರು ಗೊಂಡೆ. ಗೊಂಡೆ ಇಲ್ಲದ್ದು ಬೇಕೆಂದೆ. "ಗೊಂಡೆ ಬ್ಯಾಡಾಂದ್ರೆ ಕಾರ್ತೀಕಕ್ಕೆ ಬರ್ರಿ," ಎಂದ.

ಮನೆಯಲ್ಲಿ ತಂಗಿ ಅದನ್ನು ನೋಡಿ, "ಅಣ್ಣಾ, ಅಪ್ಪನ್ ಬೆಟ್ಟಕ್ ಕರ್ಕೊಂಡ್ ಹೋಗ್ತಿದೀಯೋ, ಸರ್ಕಸ್ಸಿಗೋ?" ಎಂದಳು. ಗುರುಹಿರಿಯರೆಂಬ ಭಯ ಆ ಕಾಲಕ್ಕೇ ಹೊರಟುಹೋಗಿತ್ತು.

ಇನ್ನು ನಾನು ಮಾಡಿದ ಕೆಲಸ. ಹೊರಡುವ ದಿನ ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದ. ತಗಡಿನ ಪೆಟ್ಟಿಗೆಯಲ್ಲಿ ಬುತ್ತಿಯ ಗಂಟಿನ ಪಕ್ಕ ಕೋಟನ್ನು ಅವನೇ ಮಡಿಸಿಟ್ಟಿದ್ದ. ಹಳೆಯ ಸೀರೆಯಲ್ಲಿ ಸುತ್ತಿ, ಜರಿಯಂಚಿನ ರುಮಾಲನ್ನು ಅದರೊಳಗೇ ಸೇರಿಸಿ. ನಾನು ಪೆಟ್ಟಿಗೆ ತೆರೆದು ನೋಡುತ್ತಾ ನಿಂತೆ. ಫೋಟೋಗೆಂದು ಕೋಟು ತೊಟ್ಟರೆ ಆಮೇಲೆ ಅದನ್ನು ತೆಗೆಸುವವರಾರು? ತೊಟ್ಟ ಕೋಟಿನಲ್ಲೇ ಬೆಟ್ಟವೆಲ್ಲ ಸುತ್ತುತ್ತಾನೆ, ಸ್ವೆಟರ್ ಕೈಯಲ್ಲಿ ಹಿಡಿಯುತ್ತಾನೆ, ಗಾಳಿ ಬೀಸುತ್ತದೆ, ಮಳೆಗಾಲದವರೆಗೂ ಹೋಗಬೇಕಾಗಿಲ್ಲ. ನನ್ನ ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಸೀರೆಯ ಗಂಟನ್ನು ಎತ್ತಿ ಮಂಚದ ಕೆಳಗೆ ತಳ್ಳಿದೆ. ಆ ಜಾಗದಲ್ಲಿ ಕಂಬಳಿ ಮಡಿಸಿಟ್ಟೆ.

ತಿರುಗಿದರೆ ಹೆಂಡತಿ ಬಾಗಿಲಲ್ಲಿದ್ದಳು.

"ಮಾವನ ಕೋಟಲ್ವೇನ್ರೀ ಅದು?"

"ಸುಮ್ನಿರು. ಅವರ ಒಳ್ಳೇದಕ್ಕೇ."

"ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬ್ಯಾಡ ಅಂತಾರೆ."

"ಅದಕ್ಕೇ ಕೇಳ್ಲಿಲ್ವಾ?" ಎಂದಳು. ಅವಳ ಮುಖ ಇಂದಿಗೂ ನೆನಪಿದೆ. ಮದುವೆಯಾದ ಮೇಲೆ ಮೊದಲ ಸಲ ನನ್ನ ಅಳತೆ ತೆಗೆದುಕೊಳ್ಳುವಂತೆ ನೋಡಿದಳು.

ತರೀಕೆರೆಯವರೆಗೆ ಬಸ್ಸು, ಅಲ್ಲಿಂದ ಮುಂದಕ್ಕೆ ಬಾಡಿಗೆಯ ಅಂಬಾಸಿಡರ್ ಕಾರು. ಸ್ವೆಟರುಗಳನ್ನು ಕಾರು ಹತ್ತುವಾಗಲೇ ಹಾಕಿಸಿದ್ದೆ. ಬೆಟ್ಟದ ಬುಡದಲ್ಲಿ ದಿಢೀರನೆ ಚಳಿ ಹೊಡೆದುಬಿಟ್ಟರೆ ಎಂಬ ಮುಂಜಾಗ್ರತೆ. ಡ್ರೈವರ್ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದ. ಐದು ಜನ ಉಣ್ಣೆ ಹೊದ್ದು ಹತ್ತಿದ್ದನ್ನು ನೋಡಿ, "ಕೆಮ್ಮಣ್ಣುಗುಂಡಿ ಅಂದ್ರಲ್ಲ ಸ್ವಾಮಿ, ಇಲ್ಲಾ ಕಾಶ್ಮೀರಾನಾ?" ಎಂದ. ಲಿಂಗದಹಳ್ಳಿ ದಾಟುವ ಹೊತ್ತಿಗೆ ಅವ್ವನ ಕುಂಕುಮ ಕರಗಿ ಮೂಗಿನ ತನಕ ಇಳಿದಿತ್ತು. ಅಪ್ಪ ಮಂಕಿ ಟೋಪಿಯೊಳಗಿಂದ ಹೊರಗೆ ನೋಡುತ್ತಾ ಕೂತಿದ್ದ. ಬೆವರು ಹುಬ್ಬಿನಿಂದ ಮೀಸೆಗೆ, ಮೀಸೆಯಿಂದ ಉಣ್ಣೆಗೆ. ಕಾರು ತಿರುವು ಹತ್ತುವಾಗೊಮ್ಮೆ, "ಕಿವಿನಾದ್ರೂ ಹೊರಗ್ ಬಿಡ್ಲೇನೋ?" ಎಂದ.

"ಕಿವಿನೇ ಮುಖ್ಯ," ಎಂದೆ.

ಮೇಲೆ ಕಾರಿನಿಂದ ಇಳಿದೆವು. ಚಳಿ ಇರಲಿಲ್ಲ. ಎಲ್ಲೂ ಇರಲಿಲ್ಲ. ತಿಳಿಬಿಸಿಲು, ಹಾಯಾದ ಗಾಳಿ, ಗುಲಾಬಿ ತೋಟದಲ್ಲಿ ಜನ ಅರ್ಧ ತೋಳಿನ ಅಂಗಿ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತಾ ಓಡಾಡುತ್ತಿದ್ದರು. ದೂರದಲ್ಲಿ ಗಣಿಯ ಅದಿರಿನ ತೊಟ್ಟಿಗಳು ತಂತಿಯ ಮೇಲೆ ಒಂದರ ಹಿಂದೊಂದು ತೂಗುತ್ತಾ ಇಳಿಯುತ್ತಿದ್ದವು. ನಮ್ಮನ್ನು ಕಂಡು ಒಂದು ಮಗು ಅಳಲು ಶುರುಮಾಡಿತು. ತಂಗಿ ಸ್ವೆಟರ್ ಕಿತ್ತು ಕಾರಿನೊಳಗೆ ಎಸೆದಳು. ಹೆಂಡತಿ, ಅವ್ವ ಅದೇ ಹಾದಿ ಹಿಡಿದರು. ನಾನು ಅಪ್ಪನಿಗೆ ಮಾತ್ರ, "ನಿಂಗೆ ಬ್ಯಾಡ. ಬೆವರಿದ್ ಮೈಗೆ ಗಾಳಿ ಸೋಕಿದ್ರೆ ಇನ್ನೂ ಕೆಟ್ಟದು," ಎಂದೆ. ತಪ್ಪೆಂದು ಗೊತ್ತಾದ ಮೇಲೂ ಆದೇಶ ಹಿಂತೆಗೆದುಕೊಳ್ಳುವುದು ನಮ್ಮ ಇಲಾಖೆಯಲ್ಲಿ ರೂಢಿಯಿರಲಿಲ್ಲ.

ತೋಟದ ಅಂಚಿನಲ್ಲಿ ಒಬ್ಬ ಫೋಟೋದವನು ಮೂರುಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿಕೊಂಡಿದ್ದ. ಕಲ್ಲುಬೆಂಚು, ಬೆಂಚಿನ ಹಿಂದೆ ಬೆಟ್ಟ, ಅದರ ಹಿಂದೆ ಬೆಟ್ಟ, ಅದರ ಹಿಂದೆ ಬರೀ ನೀಲಿ. ಅಪ್ಪ ನಿಂತು ಬಹಳ ಹೊತ್ತು ನೋಡಿದ. ಉಸಿರು ಸಿಳ್ಳೆ ಹಾಕುತ್ತಿತ್ತು. ಆದರೆ ಟೋಪಿಯ ಕಿಂಡಿಯಲ್ಲಿ ಕಣ್ಣು ಹೊಸ ಗುಂಡಿಯ ಹಾಗೆ ಹೊಳೆಯುತ್ತಿತ್ತು.

"ಇಲ್ಲೇ," ಎಂದ. "ಪೆಟ್ಟಿಗೆ ತಗಂಬಾ."

ನಾನು ತಂದು ಬೆಂಚಿನ ಮೇಲಿಟ್ಟೆ. ಹೇಳಬಹುದಿತ್ತು. ಕಾರಿನಿಂದ ಬೆಂಚಿಗೆ ಐವತ್ತು ಹೆಜ್ಜೆ. ಐವತ್ತರಲ್ಲಿ ಒಂದರಲ್ಲೂ ಹೇಳಲಿಲ್ಲ. ಅಪ್ಪ ಬೆಂಚಿನ ಮುಂದೆ ಕುಕ್ಕರಿಸಿ ಮುಚ್ಚಳ ತೆಗೆದ. ಬುತ್ತಿಯ ಗಂಟು ಪಕ್ಕಕ್ಕಿಟ್ಟ. ಕಂಬಳಿ ಎತ್ತಿದ. ಕಂಬಳಿಯ ಕೆಳಗೆ ಪೆಟ್ಟಿಗೆಯ ತಳವಿತ್ತು. ಅಪ್ಪ ತಳವನ್ನು ಅಂಗೈಯಿಂದ ಒಮ್ಮೆ ಸವರಿದ, ಬಟ್ಟೆಯ ಸುಕ್ಕು ತೆಗೆಯುವವನ ಹಾಗೆ. ಆಮೇಲೆ ಕಂಬಳಿಯನ್ನು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ, ನಾನು ಮಡಿಸಿದ್ದಕ್ಕಿಂತ ಚೆನ್ನಾಗಿ ಮಡಿಸಿ ಒಳಗಿಟ್ಟ.

"ಕೋಟೆಲ್ಲಿ?" ಎಂದಳು ಅವ್ವ.

"ಗಾಳಿ ಜಾಸ್ತಿ ಅಂತ ನಾನೇ..." ಎಂದು ಶುರುಮಾಡಿದೆ. ಮುಗಿಸಲು ಅಂಥ ಗಾಳಿಯೇ ಇರಲಿಲ್ಲ.

ಅವ್ವ ನನ್ನನ್ನು ಬೈಯಲು ಬಾಯಿ ತೆರೆದಳು. ಅಪ್ಪ ಕೈಯೆತ್ತಿ ತಡೆದ. "ಇರ್ಲಿ ಬಿಡೆ. ಫೋಟೋದೋನು ಕಾಯ್ತವ್ನೆ," ಎಂದು ಬೆಂಚಿನ ಮೇಲೆ ಕೂತು ಮಂಕಿ ಟೋಪಿಯನ್ನು ಗದ್ದದಿಂದ ಮೇಲಕ್ಕೆ ಎಳೆಯತೊಡಗಿದ. ಕೋಟಿಲ್ಲದಿದ್ದರೆ ಮುಖವಾದರೂ ಬರಲಿ ಎಂದಿರಬೇಕು. ಆಗ ಅವ್ವ ಹೌಹಾರಿದಳು.

"ಅಯ್ಯೋ, ಬರೀ ತಲೇಲಿ ಕೂತ್ಕೋಬ್ಯಾಡ್ರೀ! ಸಾವಿನ್ ಮನೇಲಿ ಕೂತಂಗೆ!"

ಅದು ಹೌದು. ನಮ್ಮ ಕಡೆ ಅಪ್ಪನ ವಯಸ್ಸಿನ ಗಂಡಸು ತಲೆ ಬಿಟ್ಟುಕೊಂಡು ನಾಲ್ಕು ಜನರೆದುರು ಕೂರುವುದು ಹೆಣದ ಮುಂದೆ ಮಾತ್ರ. ಅಂಥ ಫೋಟೋವನ್ನು ಗೋಡೆಗಿರಲಿ, ಮನೆಯೊಳಕ್ಕೇ ಅವ್ವ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗೆಂದು ತಲೆಗೆ ಸುತ್ತಲು ಬೇರೇನಿತ್ತು? ಶಾಲುಗಳು ಹೆಂಗಸರವು, ಹೂವಿನ ಅಂಚಿನವು. ಫೋಟೋದವನ ಹತ್ತಿರ ಬಾಡಿಗೆಗೆ ಒಂದು ಕೌಬಾಯ್ ಟೋಪಿಯಿತ್ತು. ಕೊಡಲು ಬಂದ, ಅಪ್ಪ ಬೇಡವೆಂದ. ಗದ್ದದಿಂದ ಎತ್ತಿದ್ದ ಮಂಕಿ ಟೋಪಿಯನ್ನು ಮತ್ತೆ ಕೆಳಗೆ ಎಳೆದುಕೊಂಡ. ಕಿವಿ ಎರಡೂ ಒಳಗೆ.

"ಅಜ್ಜಾರೇ, ಒಸಿ ನಗ್ರೀ," ಎಂದ ಫೋಟೋದವನು, ಕರಿಯ ಬಟ್ಟೆಯೊಳಗಿಂದ.

"ನೀ ತೆಗಿಯಪ್ಪ," ಎಂದ ಅಪ್ಪ.

ಬೆಟ್ಟ ಇಳಿದು ಬಂದೆವು. ತರೀಕೆರೆಯ ಬಸ್ ನಿಲ್ದಾಣದಲ್ಲಿ ಹೆಂಗಸರು ನೀರಿಗೆ ಹೋದಾಗ ನಾನು, "ಮುಂದಿನ ವರ್ಷ ಮತ್ತೆ ಹೋಗಣಪ್ಪ. ಕೋಟು ತಗಂಡೇ ಹೋಗಣ," ಎಂದೆ. ಇಬ್ಬರಿಗೂ ಗೊತ್ತಿದ್ದದ್ದು ಇಬ್ಬರಿಗೂ ಗೊತ್ತಿಲ್ಲದಂತೆ ಕೂತಿದ್ದೆವು. ಅಪ್ಪ ಟೋಪಿಯನ್ನು ಆಗಲೇ ತೆಗೆದು ಮಂಡಿಯ ಮೇಲಿಟ್ಟುಕೊಂಡಿದ್ದ. ಗೊಂಡೆಯ ನೂಲನ್ನು ಬೆರಳಲ್ಲಿ ತಿರುವುತ್ತಿದ್ದ. ಅದನ್ನೇ ನೋಡುತ್ತಾ ಹೇಳಿದ:

"ನಂಗೆ ಅಳತೆ ಬಾಯಿಪಾಠ ಇರೋ ಗಿರಾಕಿಗಳು ಎಷ್ಟೋ ಜನ ಅವ್ರೆ. ಆದ್ರೂ ಕತ್ತರಿ ಹಾಕಕ್ ಮುಂಚೆ ಒಂದ್ಸಲ ಕರ್ದು ಕೇಳ್ತೀನಿ ಕಣೋ."

ಅಷ್ಟೇ. ಅದಕ್ಕಿಂತ ಗಟ್ಟಿಯಾಗಿ ಅಪ್ಪ ನನ್ನನ್ನು ಯಾವತ್ತೂ ಬೈದಿಲ್ಲ.

ಹದಿನೈದು ದಿನಕ್ಕೆ ಫೋಟೋ ಅಂಚೆಯಲ್ಲಿ ಬಂತು. ಬೆಟ್ಟ ಬಹಳ ಸೊಗಸಾಗಿ ಬಂದಿತ್ತು. ಅದರ ಮುಂದೆ ಬೆಂಚಿನ ಮೇಲೆ ಉಣ್ಣೆಯ ಒಂದು ಮೂಟೆ, ಮೂಟೆಯ ತುದಿಯಲ್ಲಿ ಗೊಂಡೆ, ನಡುವೆ ಎರಡು ಕಣ್ಣು, ಮೂಗು, ಮೀಸೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಸ್ವೆಟರ್ ಭುಜ ಕೂತಿಲ್ಲ," ಎಂದು ಮೆಷಿನ್ನಿನ ಡ್ರಾಯರಿಗೆ ಹಾಕಿದ. ತರೀಕೆರೆಯ ಸ್ಟುಡಿಯೋಗೆ ಕೋಟು ತೊಟ್ಟುಕೊಂಡು ಹೋಗಿ ಬರೋಣವೆಂದು ನಾನೂ ತಂಗಿಯೂ ಮೂರು ಸಲ ಕರೆದೆವು. "ಹಂಸದ್ ಮುಂದೆ ನಿಲ್ಲಲ್ಲ ಹೋಗ್ರೋ," ಎಂದ. ನಾಲ್ಕನೆಯ ಸಲ ಕರೆಯುವ ಹೊತ್ತಿಗೆ ಅವನು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ.

ಆಷಾಢದ ಗಾಳಿ ಎದ್ದ ಮೇಲೆ, ಒಂದು ಮಧ್ಯಾಹ್ನ, ಊಟವಾಗಿ ಕೈ ತೊಳೆದುಕೊಂಡು ಗೋಡೆಗೆ ಒರಗಿದವನು ಹೋದ. ಬೆಚ್ಚಗೆ ಮನೆಯೊಳಗೇ ಇದ್ದ. ಎದೆಗೆ ಶೀತ ಸೋಕಿರಲಿಲ್ಲ. ಆ ಮಟ್ಟಿಗೆ ನನ್ನ ವ್ಯವಸ್ಥೆಯಲ್ಲಿ ಲೋಪವಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಕೂರಿಸುತ್ತೇವೆ, ಒಳ್ಳೆಯ ಬಟ್ಟೆ ತೊಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹೂವಿನ ವಿಮಾನದಲ್ಲಿ ಕೂತವರನ್ನು ಊರು ಕಂಡು ಕೈಮುಗಿಯುವ ಹಾಗೆ ಕರೆದೊಯ್ಯುತ್ತೇವೆ. ಮಂಚದ ಕೆಳಗಿನಿಂದ ಸೀರೆಯ ಗಂಟನ್ನು ನಾನೇ ಎಳೆದು ತೆಗೆದೆ. ಯುಗಾದಿಯಿಂದ ಅದು ಅಲ್ಲೇ ಇತ್ತು. ಅಪ್ಪ ಅದನ್ನು ಕೇಳಿರಲಿಲ್ಲ, ನಾನು ಎತ್ತಿಟ್ಟಿರಲಿಲ್ಲ. ಕೋಟು ತೊಡಿಸಿದರೆ ಸಡಿಲವಾಗಿತ್ತು. ಹೊಲಿದವನ ತಪ್ಪಲ್ಲ, ತೊಟ್ಟವನು ಕರಗಿದ್ದ. ರುಮಾಲು ಸುತ್ತುವುದು ಇನ್ನೊಂದು ಪಾಡು. ಊರಿನಲ್ಲಿ ಯಾರೇ ಹೋದರೂ ಅವರಿಗೆ ರುಮಾಲು ಸುತ್ತಲು ಕರೆಯುತ್ತಿದ್ದದ್ದು ಅಪ್ಪನನ್ನೇ. ಈಗ ಕರೆಯೋಣವೆಂದರೆ ಅವನು ಕೂತು ನೋಡುತ್ತಿದ್ದ. ಮೂವರು ಸೇರಿ ಸುತ್ತಿದೆವು, ಎಡಕ್ಕೆ ವಾಲಿತು.

ಬೆನ್ನಿಗೆ ದಿಂಬು ಕೊಡಲು ಬಗ್ಗಿದಾಗ ಕೊರಳಪಟ್ಟಿಯ ಹಿಂದೆ ಒಂದು ಗೇಣು ಬಿಳಿ ನೂಲು ಕಂಡಿತು. ನನ್ನ ಕೈ ನಿಂತಿತು. ಅವ್ವ ಪಕ್ಕದಿಂದ ಹೇಳಿದಳು:

"ಕೀಳು."

"ಅವ್ವಾ..."

"ಇನ್ಯಾರು ಕೀಳ್ಬೇಕು? ಕೀಳೋ."

ಎರಡು ಬೆರಳಲ್ಲಿ ಹಿಡಿದು ಎಳೆದೆ. ಅಪ್ಪ ಎಳೆದರೆ ಸರ್ರನೆ ಬರುತ್ತಿತ್ತು. ನನ್ನ ಕೈಯಲ್ಲಿ ಎರಡು ಕಡೆ ತುಂಡಾಯಿತು. ಬೆನ್ನು ತಟ್ಟಿದೆ. ಹೇಳಬೇಕಾದ ಮಾತನ್ನು ಅವ್ವನೇ ಹೇಳಿದಳು.

ಊರಿನ ಫೋಟೋದವನು ಆಗ ಬಂದು ನಿಂತಿದ್ದ. ಕೋಟಿನಲ್ಲಿ, ರುಮಾಲಿನಲ್ಲಿ ಅಪ್ಪ ಕೂತಿದ್ದಾನೆ, ತೆಗೆಸಿಬಿಡೋಣವೆಂದು ಯಾರೋ ಅಂದರು. "ಕಣ್ಮುಚ್ಚಿರೋದು ನಂಗ್ಬ್ಯಾಡ. ದಿನಾ ಬೆಳಗಾಗೆದ್ದು ಹೆಣ ನೋಡ್ಲಾ?" ಎಂದಳು ಅವ್ವ. ಅವನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೋದ.

ಹಾಗಾಗಿ ಉಳಿದದ್ದು ಡ್ರಾಯರಿನಲ್ಲಿದ್ದ ಮೂಟೆಯ ಫೋಟೋ. ಅದನ್ನು ಕಡೂರಿಗೆ ತೆಗೆದುಕೊಂಡು ಹೋದೆ. ಅಲ್ಲೊಬ್ಬ ಕಲಾವಿದ ಫೋಟೋ ದೊಡ್ಡದು ಮಾಡಿ, ಅದರ ಮೇಲೆ ಬಣ್ಣದಲ್ಲಿ ಬೇಕಾದ ಉಡುಪು ಬರೆದುಕೊಡುತ್ತಿದ್ದ. ಬನಿಯನ್ನಿನಲ್ಲಿ ತೆಗೆಸಿಕೊಂಡವರಿಗೆ ಸೂಟು ತೊಡಿಸುವುದು ಅವನ ಎಡಗೈ ಕೆಲಸ. ಭೂತಗನ್ನಡಿ ಹಿಡಿದು ಅಪ್ಪನನ್ನು ನೋಡಿದ.

"ರುಮಾಲು ಬರಿಯಾಣ, ಕೋಟು ಬರಿಯಾಣ. ಗೊಂಡೆನ ಅಳಿಸೋದ್ಯಾಕೆ, ರುಮಾಲಿನ ತುರಾಯಿ ಮಾಡ್ತೀನಿ. ಬೆಟ್ಟ ಹಿಡ್ಸಲ್ಲ, ಮುಖ ದೊಡ್ಡದಾದ್ರೆ ಬೆಟ್ಟ ಹೊರಗೋಗುತ್ತೆ. ಹಿಂದೆ ತಿಳಿನೀಲಿ ಕೊಡ್ತೀನಿ." ಆಮೇಲೆ ತಲೆಯೆತ್ತಿ ಕೇಳಿದ: "ಕಿವಿ ಹೆಂಗಿದ್ವು ಸಾರ್?"

ನನಗೆ ಹೊಳೆಯಲಿಲ್ಲ. ಬಲಗಿವಿಯ ಮೇಲೆ ಸದಾ ಒಂದು ಚೋಟು ಪೆನ್ಸಿಲ್ ಸಿಕ್ಕಿಸಿರುತ್ತಿದ್ದ; ಆ ಪೆನ್ಸಿಲ್ಲಿನ ಬಣ್ಣ ನೆನಪಿತ್ತು, ತುದಿ ಕಚ್ಚಿದ ಗುರುತು ನೆನಪಿತ್ತು. ಅದು ಕೂತಿದ್ದ ಕಿವಿ ನೆನಪಿಗೆ ಬರಲಿಲ್ಲ. ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವ, "ಕಿವಿ ಥರಾನೇ ಇದ್ವು ಕಣೋ," ಎಂದು ಒಳಗೆ ಹೋದಳು. ಒಳಗೆ ಅಳುತ್ತಿದ್ದಳೆಂದು ಹೆಂಡತಿ ಆಮೇಲೆ ಹೇಳಿದಳು. ತಂಗಿ ದೊಡ್ಡ ಕಿವಿಯೆಂದಳು. ಹೆಂಡತಿ ಸಣ್ಣವು, ತಲೆಗೆ ಅಂಟಿದ್ದವು ಎಂದಳು.

ಮತ್ತೆ ಕಡೂರಿಗೆ ಹೋದಾಗ ಕಲಾವಿದ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ದೀಪ ಹತ್ತಿರಕ್ಕೆ ತಂದು, ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ. "ಮಗನ್ದೇ ಹಾಕ್ಬಿಡ್ತೀನಿ. ಯಾರಿಗ್ ಗೊತ್ತಾಗುತ್ತೆ," ಎಂದ. ನಾನು ಕೂತೇ ಇದ್ದೆ.

ಆ ಚಿತ್ರ ಎಂಬತ್ತರ ದಶಕ ಪೂರ್ತಿ ಅವ್ವನಿಂದ ಊದುಬತ್ತಿ ಪಡೆಯಿತು. ಕಣ್ಣು, ಮೂಗು, ಮೀಸೆ ಅಪ್ಪನವು. ಕಿವಿ ನನ್ನವು. ಕೋಟು ಯಾರದೂ ಅಲ್ಲ. ಅಪ್ಪ ಹೋಗಿ ನಾಲ್ಕೈದು ವರ್ಷದ ಮೇಲೆ ಪಂಚನಹಳ್ಳಿಯ ಕಡೆಯ ಒಬ್ಬ ಹಳೆಯ ಗಿರಾಕಿ, ಮಗನ ಮದುವೆಗೆ ಕರೆಯಲು ಬಂದವರು, ಮಜ್ಜಿಗೆ ಕುಡಿಯುತ್ತಾ ಗೋಡೆಯ ಕಡೆ ನೋಡಿದರು. ಲೋಟ ಕೆಳಗಿಟ್ಟು ಎದ್ದು ಹತ್ತಿರ ಹೋದರು.

"ಇವ್ರು ನಮ್ಮ ದರ್ಜಿಯೋರಾ?"

"ಹೌದು," ಎಂದೆ.

"ಮುಖ ಅವರ್ದೇ ಅನ್ಸುತ್ತೆ." ಮತ್ತೂ ಬಗ್ಗಿ, ಬೆರಳಿಂದ ಗಾಜಿನ ಮೇಲೆ ಭುಜದ ಹೊಲಿಗೆಯ ಜಾಡು ಹಿಡಿದು ನೋಡಿದರು. "ಭುಜ ಇಳಿಬಿದ್ದೈತೆ. ಕೊರಳಪಟ್ಟಿ ಡೊಂಕು. ಈ ಕೋಟು ಯಾವನ್ ಕೈಲಿ ಹೊಲಿಸ್ದ್ರಿ ಮಾರಾಯ್ರೆ ಅವ್ರಿಗೆ? ಅವ್ರೇ ಹೊಲ್ಕೊಂಡಿದ್ದು ಒಂದಿತ್ತಲ್ಲ ಗೂಟದಾಗೆ. ನಾನೂ ತೊಟ್ಟು ನೋಡಿದ್ದೆ. ಅದನ್ಯಾಕೆ ಹಾಕ್ಲಿಲ್ಲ?"

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಲೋಟ ಮಜ್ಜಿಗೆ ತರಲು ಹೇಳಿದೆ.